ಬಿದ್ದ ಜಾಗದಲ್ಲೇ ರಿಪೇರಿ ಮಾಡಿ ಮತ್ತೆ ಹಾರಿಸೋ ಹಾಗಿರೋ ಟೆಸ್ಟ್ ಡ್ರೋನ್ ಕಟ್ಬೇಕು, ಸಲಹೆ ಕೊಡಿ

ಕ್ವಾಡ್_ಹುಡುಗಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನ ಡ್ರೋನ್ ಟೀಮ್‌ನಲ್ಲಿದ್ದೀನಿ, ಮೆಕ್ಯಾನಿಕಲ್ ಕಡೆ ಕೆಲಸ ನಂದು. ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ವಿದ್ಯಾರ್ಥಿಗಳಿಗೆ ರೊಬೊಟಿಕ್ಸ್ ಚಾಲೆಂಜ್ ನಡೆಸ್ತಾರಲ್ಲ, 2025ರದ್ರಲ್ಲಿ ಜಿಪಿಎಸ್ ಇಲ್ದೆ ತಾನೇ ದಾರಿ ನೋಡ್ಕೊಂಡು ಹಾರೋ ಡ್ರೋನ್ ಕೇಳಿದ್ರು, ಆ ಥರದ ಸ್ಪರ್ಧೆಗಳೇ ನಮ್ಮ ಗುರಿ. ಮೇನ್ ಡ್ರೋನ್ ಕಾರ್ಬನ್ ಫ್ರೇಮ್‌ದು, ಅದ್ರ ಮೇಲೆ ಡೆಪ್ತ್ ಕ್ಯಾಮೆರಾ, ಸಣ್ಣ ಕಂಪ್ಯೂಟರ್ ಎಲ್ಲ ಕೂತಿದೆ. ಕೋಡ್‌ನಲ್ಲಿ ಒಂದು ಲೈನ್ ಬದಲಾಯಿಸಿದಾಗೆಲ್ಲ ಅದನ್ನೇ ಹಾರಿಸೋಕೆ ಯಾರಿಗೂ ಧೈರ್ಯ ಬರಲ್ಲ.

ಅದಕ್ಕೆ ಟೆಸ್ಟಿಂಗ್‌ಗೆ ಅಂತಾನೇ ಇನ್ನೊಂದು ಕಟ್ಟೋಣ ಅಂತ ಟೀಮ್‌ನಲ್ಲಿ ತೀರ್ಮಾನ ಆಯ್ತು. ಲ್ಯಾಂಡಿಂಗ್ ಕೋಡ್, ಆಪ್ಟಿಕಲ್ ಫ್ಲೋ (ಕೆಳಗಿನ ನೆಲ ಸರಿಯೋದು ನೋಡಿ ಡ್ರೋನ್ ಎಷ್ಟು ಸರಿದಿದೆ ಅಂತ ಅಳೆಯೋದು), ಪಿಐಡಿ ಟ್ಯೂನಿಂಗ್ (ಡ್ರೋನ್ ಅಲುಗದೆ ಸಮ ನಿಲ್ಲೋಕೆ ಮಾಡೋ ಹೊಂದಾಣಿಕೆ), ಜೂನಿಯರ್‌ಗಳ ಪ್ರಾಕ್ಟೀಸ್, ಎಲ್ಲಾ ಇದ್ರ ಮೇಲೇ. ಇದು ಬೀಳುತ್ತೆ, ಬೀಳ್ಳೇಬೇಕು, ಅದಕ್ಕೇ ಕಟ್ಟೋದು. ಆದ್ರೆ ಬಿದ್ಮೇಲೆ ಒಂದು ಆರ್ಮ್ (ಮೋಟರ್ ಹೊತ್ತಿರೋ ತೋಳು) ಬದಲಾಯಿಸೋಕೆ ಇಡೀ ಡ್ರೋನ್ ಬಿಚ್ಚಿ, ಬೆಸುಗೆ ಹಾಕಿ, ಪಾರ್ಟ್ ಕೊರಿಯರ್‌ನಲ್ಲಿ ಬರೋವರೆಗೂ ಕಾಯ್ತಾ ಕೂತ್ರೆ ಸೆಮಿಸ್ಟರೇ ಮುಗಿದುಹೋಗುತ್ತೆ. ಗ್ರೌಂಡ್‌ನಲ್ಲೇ ಹತ್ತು ನಿಮಿಷಕ್ಕೆ ರಿಪೇರಿ ಆಗ್ಬೇಕು ಅನ್ನೋದು ನಮ್ಮ ಮೊದಲ ಕಂಡೀಷನ್. ತೂಕ 2 ಕೆಜಿ ಒಳಗೆ, ಬಜೆಟ್ ಬ್ಯಾಟರಿ ಸೇರಿ ಮೂವತ್ತು ಸಾವಿರದ ಒಳಗೆ. ಫ್ರೇಮ್ ಯಾವುದು, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಬೋರ್ಡ್) ಹೇಗೆ, ಸ್ಪೇರ್ ಏನೇನು ಇಟ್ಕೋಬೇಕು ಹೇಳಿ.

ಎಫ್‌ಪಿವಿ_ಬೆಂಗ್ಳೂರು:

ಕಾರ್ಬನ್ ಬಿಡ್ಬೇಡಿ. 5 ಇಂಚಿನ ಪ್ರಾಪ್ (ತಿರುಗೋ ರೆಕ್ಕೆ) ಕೂರೋ, ಕಸರತ್ತಿಗೆ ಬಳಸೋ ಫ್ರೀಸ್ಟೈಲ್ ಫ್ರೇಮ್ ತಗೊಳ್ಳಿ, ಆರ್ಮ್ 5 ಎಂಎಂ ದಪ್ಪ ಇರೋದು, ನಾವು ಗೋಡೆಗೆ, ಮರಕ್ಕೆ, ಕಾಂಕ್ರೀಟ್‌ಗೆ ಹೊಡೀತೀವಿ, ಹೋದ್ರೆ ಪ್ರಾಪ್ ಹೋಗುತ್ತೆ ಅಷ್ಟೇ. ಬಾಗದೆ ಗಟ್ಟಿ ನಿಲ್ಲೋ ಗುಣ ದಪ್ಪದ ಘನದ ಲೆಕ್ಕದಲ್ಲಿ ಏರುತ್ತೆ, 4 ಎಂಎಂನಿಂದ 5ಕ್ಕೆ ಹೋದ್ರೆ ಹೆಚ್ಚೂಕಮ್ಮಿ ಎರಡರಷ್ಟು, ಹಾಗಾಗಿ ದಪ್ಪದಲ್ಲಿ ಕಂಜೂಸ್ ಮಾಡ್ಬೇಡಿ. ನಾಲ್ಕು ಇಎಸ್‌ಸಿ ಒಂದೇ ಬೋರ್ಡಲ್ಲಿರೋ ಫೋರ್ ಇನ್ ಒನ್ ಹಾಕಿದ್ರೆ ವೈರಿಂಗ್ ಕ್ಲೀನ್, ಎಲ್ಲಾ ಮಧ್ಯದಲ್ಲಿ ಸೇಫ್ ಆಗಿ ಕೂರುತ್ತೆ. ಆರ್ಮ್ ಒಂದೊಂದೇ ಬಿಚ್ಚೋಕೆ ಬರೋ ಫ್ರೇಮ್ ಮಾತ್ರ ತಗೊಳ್ಳಿ, ಒಂದೇ ತುಂಡಲ್ಲಿ ಕತ್ತರಿಸಿರೋದು ಬೇಡ.

ತುಂಗಭದ್ರಾ_ಸ್ಪ್ರೇ:

ನಮಸ್ಕಾರ್ರಿ. ನಾ ಸಿಂಧನೂರ ಕಡೆ ಭತ್ತದ ಗದ್ದಿಗೆ ಎಣ್ಣಿ ಹೊಡಿಯೋ ಡ್ರೋನ್ ಸರ್ವಿಸ್ ಮಾಡ್ತೀನ್ರಿ. ಬೆಂಗ್ಳೂರಣ್ಣ ಹೇಳಿದ್ದು ರೇಸ್ ಡ್ರೋನಿಗೆ ಖರೇ ಅದ, ಆದ್ರ ಈ ತಂಗಿ ಕೇಳಿದ್ದು ಬ್ಯಾರೆ. ಅಕಿ ಕೇಳಿದ್ದು ಗಟ್ಟಿ ಇರೋದಲ್ಲ, ಲಗೂ ರಿಪೇರಿ ಆಗೋದು. ಎಲ್ಲಾನೂ ಗಟ್ಟಿ ಮಾಡಿದ್ರ ಬಿದ್ದ ಪೆಟ್ಟು ಎಲ್ಲಿಗೆ ಹೋಗಬೇಕು ಹೇಳ್ರಿ? ಮೋಟರ್ ಶಾಫ್ಟಿಗೆ ಹೋಗ್ತದ, ಇಲ್ಲಾ ನಡುವಿನ ಬೋರ್ಡಿಗೆ ಹೋಗ್ತದ, ಅವೆರಡೂ ತುಟ್ಟಿ ಸಾಮಾನು.

ಟ್ರ್ಯಾಕ್ಟರ್ ರೋಟಾವೇಟರಿನ ಶಾಫ್ಟಿಗೆ ಶಿಯರ್ ಬೋಲ್ಟ್ ಅಂತ ಹಾಕಿರ್ತಾರ. ಕಲ್ಲಿಗೆ ಬಡದ್ರ ಆ ಬೋಲ್ಟ್ ಕತ್ತರಿಸಿ ಹೋಗ್ತದ, ಗೇರ್‌ಬಾಕ್ಸ್ ಉಳಿತದ, ರೈತ ಕಿಸೆದಾಗ ಇನ್ನೊಂದು ಬೋಲ್ಟ್ ಇಟ್ಕೊಂಡಿರ್ತಾನ, ಹಾಕ್ಕೊಂಡು ಮತ್ತ ಹೊಡಿತಾನ. ನಿಮ್ಮ ಡ್ರೋನಿನ್ಯಾಗೂ ಮೊದಲ ಏನು ಮುರಿಬೇಕು ಅನ್ನೋದು ನೀವ ತೀರ್ಮಾನ ಮಾಡ್ರಿ, ನೆಲಕ್ಕ ಬಿಟ್ಟುಬಿಡಬ್ಯಾಡ್ರಿ. ನನ್ನ ಕೇಳಿದ್ರ ಮೊದಲ ಪ್ರಾಪ್, ಆಮ್ಯಾಲ ಕಾಲು, ಆಮ್ಯಾಲ ಆರ್ಮ್. ನಡುವಿನ ಪ್ಲೇಟ್, ಬ್ಯಾಟರಿ, ಫ್ಲೈಟ್ ಕಂಟ್ರೋಲರ್ (ಹಾರಾಟ ನಡಸೋ ಬೋರ್ಡ್) ಇವು ಕಡೀಕ.

ಇನ್ನೊಂದು ಮಾತು. ನಮ್ಮ ಕಡೆ ಹೊಲದಾಗ ಬೆಸುಗೆ ಹಾಕೋ ಕೆಲಸ ಇಲ್ಲಾರಿ. ಆರ್ಮ್, ಮೋಟರ್, ಇಎಸ್‌ಸಿ ಮೂರೂ ಸೇರಿ ಒಂದು ಸೆಟ್. ಕೆಟ್ಟ ಸೆಟ್ ಬಿಚ್ಚು, ಹೊಸಾ ಸೆಟ್ ಹಾಕು, ಕನೆಕ್ಟರ್ ಜೋಡಸು, ಹಾರಸು. ಕೆಟ್ಟದ್ದನ್ನ ಸಂಜಿಕಿ ಅಂಗಡಿಯಾಗ ಕುಂತು ಆರಾಮ ರಿಪೇರಿ ಮಾಡ್ತೀವಿ. ಫೋರ್ ಇನ್ ಒನ್ ಬೋರ್ಡ್ ಇದ್ರ ಒಂದು ಚಾನೆಲ್ ಸುಟ್ರೂ ನಾಕೂ ಹೋದಂಗ, ಎಲ್ಲಾ ಕಿತ್ತಿ ಹಾಕ್ಬೇಕು.

ಕ್ವಾಡ್_ಹುಡುಗಿ:

ಅಣ್ಣಾ, ಸೆಟ್ ಮಾಡಿ ಇಡೋ ಐಡಿಯಾ ಬಹಳ ಇಷ್ಟ ಆಯ್ತು. ನಮ್ಮ ಲ್ಯಾಬ್‌ನಲ್ಲಿ ಹಳೇ ಎಫ್450 ಫ್ರೇಮ್ ಬಿದ್ದಿದೆ, 2212 ಅಳತೆಯ ಮೋಟರ್ 920 ಕೆವಿದು (ಒಂದು ವೋಲ್ಟ್‌ಗೆ ನಿಮಿಷಕ್ಕೆ 920 ಸುತ್ತು), 30 ಆಂಪ್ ಬಿಡಿ ಇಎಸ್‌ಸಿಗಳೂ ಇವೆ, ಪಿಕ್ಸ್‌ಹಾಕ್ ಫ್ಲೈಟ್ ಕಂಟ್ರೋಲರ್ ಒಂದಿದೆ. ಸೀನಿಯರ್‌ಗಳು "ಅದು ಹಳೇ ಕಾಲದ್ದು, ಬಿಸಾಕಿ" ಅಂತಾರೆ. ಅದನ್ನೇ ಬಳಸಿದ್ರೆ ಸಾಕಾ? ಅದ್ರ ಆರ್ಮ್ ಮೋಟರ್ ಕೂರೋ ಜಾಗದಲ್ಲಿ, ಇಲ್ಲಾ ಪ್ಲೇಟ್‌ಗೆ ಸೇರೋ ಸ್ಕ್ರೂ ಹತ್ರ ಮುರಿಯೋದು ನೋಡಿದ್ದೀನಿ.

ವರ್ಕ್‌ಶಾಪ್_ಮೇಷ್ಟ್ರು:

ಬಿಸಾಕ್ಬೇಡಮ್ಮ, ಅದು ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಲೆಕ್ಕ ಹಾಕೋಣ. ಎಫ್450 ಫ್ರೇಮ್ ತೂಕ 282 ಗ್ರಾಂ, ಆರ್ಮ್‌ಗಳು ಗಾಜಿನ ನಾರು ಸೇರಿಸಿದ ನೈಲಾನ್. ಕರ್ಣದಲ್ಲಿ ಮೋಟರ್‌ನಿಂದ ಮೋಟರ್‌ಗೆ 450 ಎಂಎಂ, ಅಂದ್ರೆ ಅಕ್ಕಪಕ್ಕದ ಮೋಟರ್‌ಗಳ ನಡುವೆ 318 ಎಂಎಂ. 10 ಇಂಚಿನ ಪ್ರಾಪ್ ಅಂದ್ರೆ 254 ಎಂಎಂ, ಎರಡು ಪ್ರಾಪ್ ತುದಿಗಳ ಮಧ್ಯೆ ಇನ್ನೂ 64 ಎಂಎಂ ಜಾಗ ಉಳಿಯುತ್ತೆ. ಮೋಟರ್, ಇಎಸ್‌ಸಿ, 3 ಸೆಲ್ 5200 ಎಂಎಎಚ್ ಬ್ಯಾಟರಿ, ಪಿಕ್ಸ್‌ಹಾಕ್, ಫ್ಲೋ ಸೆನ್ಸರ್, ಸಣ್ಣ ಕಂಪ್ಯೂಟರ್ ಎಲ್ಲಾ ಸೇರಿಸಿ 1.3ರಿಂದ 1.4 ಕೆಜಿಗೆ ನಿಲ್ಲಿಸ್ಬಹುದು. ಮೋಟರ್‌ಗೆ 350 ಗ್ರಾಂ ಬಿತ್ತು, ಅದು ಎಳೆಯೋ ಶಕ್ತಿ ಅದ್ರ ಎರಡರಷ್ಟಕ್ಕೂ ಮೇಲಿದೆ. ಗಾಳೀಲಿ ಸುಮ್ನೆ ನಿಂತಿರೋಕೆ 18 ಆಂಪ್ ಆಸುಪಾಸು, ಬ್ಯಾಟರೀಲಿ ಶೇ. 80 ಬಳಸಿದ್ರೆ 13 ನಿಮಿಷ ಸಿಗುತ್ತೆ. ಟೆಸ್ಟಿಂಗ್‌ಗೆ ಸಾಕಲ್ವಾ?

ಇನ್ನು ಬೀಳೋ ಲೆಕ್ಕ. 1.4 ಕೆಜಿ 3 ಮೀಟರ್ ಎತ್ತರದಿಂದ ಬಿದ್ರೆ 41 ಜೂಲ್ ಶಕ್ತಿ ಎಲ್ಲೋ ಒಂದು ಕಡೆ ಖರ್ಚಾಗ್ಲೇಬೇಕು. ಹತ್ತು ಮೀಟರ್‌ನಿಂದ ಬಿದ್ರೆ 137. ಅದು ಬಾಗೋದ್ರಲ್ಲಿ, ಮುರಿಯೋದ್ರಲ್ಲಿ, ಮಣ್ಣು ಕುಸಿಯೋದ್ರಲ್ಲಿ ಖರ್ಚಾಗುತ್ತೆ. ಸಿಂಧನೂರಿನವರು ಹೇಳಿದ ಮಾತಿನ ಹಿಂದಿರೋದು ಇದೇ ಲೆಕ್ಕ. ನೈಲಾನ್ ಆರ್ಮ್ ಸ್ವಲ್ಪ ಬಾಗಿ ಒಂದಿಷ್ಟು ನುಂಗಿಕೊಳ್ಳುತ್ತೆ, ತೆಳು ಕಾರ್ಬನ್ ಬಾಗೋದೇ ಇಲ್ಲ, ತಡ್ಕೊಳ್ಳೋವರೆಗೂ ತಡ್ಕೊಂಡು ಒಮ್ಮೆಲೇ ಪದರ ಬಿಟ್ಕೊಳ್ಳುತ್ತೆ.

ಎಫ್450 ಆರ್ಮ್ ಸ್ಪೇರ್ ಮುಗಿದಾಗ ಇನ್ನೊಂದು ದಾರಿ ಇದೆ. ಕಿಟಕಿ, ಪಾರ್ಟಿಷನ್ ಮಾಡೋರಿಗೆ ಅಲ್ಯುಮಿನಿಯಂ ಸೆಕ್ಷನ್ ಮಾರೋ ಅಂಗಡಿ ನಿಮ್ಮೂರಲ್ಲೂ ಇರುತ್ತೆ. ಅಲ್ಲಿ ಅರ್ಧ ಇಂಚಿನ ಸ್ಕ್ವೇರ್ ಪೈಪ್ 1 ಎಂಎಂ ದಪ್ಪದ್ದು ಕೇಳಿ. 20 ಸೆಂ.ಮೀ. ತುಂಡು 25 ಗ್ರಾಂ ಬರುತ್ತೆ. ಒಂದು ಉದ್ದ ಪೈಪ್ ತಂದ್ರೆ ವರ್ಷಕ್ಕಾಗೋ ಆರ್ಮ್ ಆಯ್ತು. ಮಧ್ಯದ ಪ್ಲೇಟ್‌ಗೆ ಆಕ್ರಿಲಿಕ್ ಮಾತ್ರ ಬೇಡ, ಸ್ಕ್ರೂ ತೂತಿಂದಲೇ ಸೀಳು ಬಿಡುತ್ತೆ. ಗ್ಲಾಸ್ ಎಪಾಕ್ಸಿ ಶೀಟ್ 2 ಎಂಎಂದು ತನ್ನಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೇಳಿ ನೋಡಿ. ಅದು ಸಿಗ್ದಿದ್ರೆ ಎಲೆಕ್ಟ್ರಿಕಲ್ ಪ್ಯಾನೆಲ್‌ಗೆ ಹಾಕೋ ಹೈಲಂ ಶೀಟ್ ಆದೀತು, ಸ್ವಲ್ಪ ದಪ್ಪದ್ದು ತಗೊಳ್ಳಿ.

ಟೊಳ್ಳು ಪೈಪ್‌ಗೆ ತೂತು ಕೊರೆದು ಸ್ಕ್ರೂ ಬಿಗಿ ಮಾಡಿದ್ರೆ ಪೈಪ್ ಚಪ್ಪಟೆಯಾಗುತ್ತೆ, ಹಾರ್ತಾ ಹಾರ್ತಾ ಸಡಿಲ ಆಗುತ್ತೆ. ಒಳಗೆ ಮರದ ತುಂಡು ಬಿಗಿಯಾಗಿ ತೂರಿಸಿ ಆಮೇಲೆ ತೂತು ಹಾಕಿ, ಮರ ಆ ಒತ್ತಡ ಹೊತ್ಕೊಳ್ಳುತ್ತೆ. ತೂತು ಹಾಕೋದಕ್ಕೆ ಒಂದು ಜಿಗ್ ಮಾಡಿಕೊಳ್ಳಿ, ಇದು ಬಹಳ ಮುಖ್ಯ. ಕಬ್ಬಿಣದ ಆಂಗಲ್ ತುಂಡಲ್ಲಿ ಸರಿಯಾದ ಅಳತೆಗೆ ತೂತು ಮಾಡಿಟ್ಟು, ಪ್ರತಿ ಪೈಪನ್ನೂ ಅದರಲ್ಲಿ ಕೂರಿಸಿಯೇ ಕೊರೆಯಿರಿ. ಯಾವ ಆರ್ಮ್ ಬೇಕಾದ್ರೂ ಯಾವ ಮೂಲೆಗೂ ಕೂರ್ಬೇಕು. ಕಣ್ಣಳತೇಲಿ ಕೊರೆದ ಆರ್ಮ್ ಒಂದೇ ಮೂಲೆಗೆ ಕೂರುತ್ತೆ, ಗ್ರೌಂಡ್‌ನಲ್ಲಿ ಬೇಕಾಗೋದು ಇನ್ನೊಂದು ಮೂಲೆಗೆ.

ಮೊದಲ_ವರ್ಷ:

ಸರ್ ಒಂದು ಡೌಟು, ನಮ್ಮ ಕಾಲೇಜಲ್ಲಿ ತ್ರೀಡಿ ಪ್ರಿಂಟರ್ ಇದೆ, ಇಷ್ಟೆಲ್ಲಾ ಪೈಪ್ ಕೊಯ್ಯೋ ಬದ್ಲು ಆರ್ಮ್‌ನ ಪ್ರಿಂಟ್ ಮಾಡ್ಕೋಬಹುದಲ್ವಾ? ಮುರಿದ್ರೆ ಇನ್ನೊಂದು ಪ್ರಿಂಟ್.

ಕರಾವಳಿ_ಗಾಳಿ:

ಮಾಡ್ಬಹುದು ಮಾರಾಯ್ರೆ, ಆದ್ರೆ ಆರ್ಮಿಗೆ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಆರ್ಮ್ ಪ್ರಿಂಟ್ ಆಗ್ಲಿಕ್ಕೆ ಗಂಟೆಗಟ್ಟಲೆ ಬೇಕು, ಪೈಪ್ ಕೊಯ್ಲಿಕ್ಕೆ ಐದು ನಿಮಿಷ. ಮತ್ತೆ ಪ್ರಿಂಟ್ ಮಾಡಿದ್ದು ಯಾವತ್ತೂ ಪದರದ ಸಾಲಲ್ಲೇ ಬಿಟ್ಟುಕೊಳ್ಳುದು. ಆರ್ಮನ್ನು ನಿಲ್ಲಿಸಿ ಪ್ರಿಂಟ್ ಮಾಡಿದ್ರೆ ಕೈಯಲ್ಲೇ ಮುರೀಬಹುದು, ಮಲಗಿಸಿ ಮಾಡಿದ್ರೆ ಸ್ವಲ್ಪ ಪರವಾಗಿಲ್ಲ. ಪ್ರಿಂಟರಿಗೆ ಹೆಚ್ಚಾಗಿ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಅಂತೂ 60 ಡಿಗ್ರಿ ಹತ್ರ ಬಂದ್ರೆ ಮೆತ್ತಗಾಗ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಇಟ್ಟರೆ ಸಾಕು. ಮೋಟರ್ ಬುಡದಲ್ಲಿ ಪಿಎಲ್‌ಎ ಹಾಕಲೇ ಬಾರದು, ಮೋಟರ್ ಬಿಸಿಗೆ ಸ್ಕ್ರೂ ಒಳಗೆ ಇಳೀತದೆ.

ಪ್ರಿಂಟರ್ ಎಲ್ಲಿ ಉಪಯೋಗ ಅಂದ್ರೆ ಕಾಲಿಗೆ. ಟಿಪಿಯು ಅಂತ ರಬ್ಬರಿನ ಹಾಗಿನ ಫಿಲಮೆಂಟ್ ಉಂಟಲ್ಲ, ಅದರಲ್ಲಿ ಲ್ಯಾಂಡಿಂಗ್ ಕಾಲು ಮಾಡಿ, ಬಾಗ್ತದೆ, ವಾಪಸ್ ಬರ್ತದೆ. ಜಿಪಿಎಸ್ ಕಂಬದ ಬುಡ, ಫ್ಲೋ ಸೆನ್ಸರಿನ ಗೂಡು, ಕ್ಯಾಮೆರಾ ಎದುರಿನ ಬಂಪರ್ ಎಲ್ಲ ಅದರಲ್ಲೇ. ಸೆನ್ಸರ್ ನೆಲಕ್ಕೆ ಮುಖ ಮಾಡಿರ್ತದೆ, ಬಿದ್ದಾಗ ಮೊದಲು ಪೆಟ್ಟು ಅದಕ್ಕೇ, ಹಾಗಾಗಿ ಗೂಡಿನ ಅಂಚು ಲೆನ್ಸಿಗಿಂತ ನಾಲ್ಕೈದು ಎಂಎಂ ಕೆಳಗೆ ಬರುವ ಹಾಗೆ ಡಿಸೈನ್ ಮಾಡಿ.

ನಮ್ಮ ಸುರತ್ಕಲ್ ಕಡೆ ಉಪ್ಪು ಗಾಳಿಗೆ ಮಾಮೂಲಿ ಸ್ಕ್ರೂ ಒಂದು ಮಳೆಗಾಲಕ್ಕೇ ತುಕ್ಕು. ನೀವು ಒಳನಾಡಿನವರು, ಆದ್ರೂ ಸ್ಟೇನ್‌ಲೆಸ್ ಹಾಕಿದ್ರೆ ಒಳ್ಳೆಯದು, ತುಕ್ಕು ಹಿಡಿದ ಸ್ಕ್ರೂ ಬಿಚ್ಚುವಾಗ ತಲೆ ಸವೆದು ಹೋದ್ರೆ ಹತ್ತು ನಿಮಿಷದ ಕೆಲಸ ಒಂದು ಗಂಟೆ ಆಗ್ತದೆ.

ಎಫ್‌ಪಿವಿ_ಬೆಂಗ್ಳೂರು:

ಸಿಂಧನೂರಣ್ಣನ ಮಾತು ಯೋಚ್ನೆ ಮಾಡ್ದೆ. ಈ ಕೆಲಸಕ್ಕೆ ಬಿಡಿ ಇಎಸ್‌ಸಿನೇ ಸರಿ, ಒಪ್ತೀನಿ, ನಮ್ಮ 5 ಇಂಚಿನದ್ರಲ್ಲಿ ತೂಕ ಉಳಿಸೋದು ಮುಖ್ಯ, ಇವರದ್ರಲ್ಲಿ ಟೈಮ್ ಉಳಿಸೋದು. ಹಾಗಾದ್ರೆ ಸೆಟ್ ಮಾಡುವಾಗ ಗಮನ ಇಡ್ಬೇಕಾದ್ದು ಹೇಳ್ತೀನಿ.

ಮೋಟರ್ ಸ್ಕ್ರೂ ಉದ್ದ. ಇದನ್ನ ಯಾರೂ ಜೂನಿಯರ್‌ಗಳಿಗೆ ಹೇಳ್ಕೊಡಲ್ಲ. ಆರ್ಮ್ ಬದಲಾಗಿ ದಪ್ಪ ಕಮ್ಮಿ ಆದಾಗ ಹಳೇ ಸ್ಕ್ರೂನೇ ಹಾಕಿದ್ರೆ ಅದ್ರ ತುದಿ ಮೋಟರ್ ಒಳಗಿನ ತಾಮ್ರದ ವೈರ್ ಸುರುಳಿಗೆ ತಾಗುತ್ತೆ. ವೈರ್ ಮೇಲಿನ ಇನಾಮೆಲ್ ಲೇಪ ಕಿತ್ತು ಶಾರ್ಟ್, ಮೋಟರ್ ಜೊತೆ ಇಎಸ್‌ಸಿನೂ ಹೊಗೆ. ಸ್ಕ್ರೂ ಹಾಕಿದ್ಮೇಲೆ ಬೆಳಕಿಗೆ ಹಿಡಿದು ಮೋಟರ್ ಬುಡದ ಸಂದಿಲಿ ನೋಡಿ, ತುದಿಗೂ ಸುರುಳಿಗೂ ಮಧ್ಯೆ ಜಾಗ ಕಾಣ್ಬೇಕು. ಆಮೇಲೆ ಮಲ್ಟಿಮೀಟರ್ ಬೀಪ್ ಮೋಡ್‌ಗೆ ಹಾಕಿ ಒಂದು ಮುಳ್ಳು ಮೋಟರ್ ವೈರ್‌ಗೆ, ಇನ್ನೊಂದು ಸ್ಕ್ರೂ ತಲೆಗೆ ಇಡಿ. ಬೀಪ್ ಬಂದ್ರೆ ಬ್ಯಾಟರಿ ಹಾಕ್ಲೇಬೇಡಿ.

ಸ್ಕ್ರೂ ತಲೆನೂ ಒಂದೇ ಥರದ್ದು ಇಟ್ಕೊಳ್ಳಿ. ಎಂ3 ಉದ್ದ ತಲೆಯ ಅಲೆನ್ ಬೋಲ್ಟ್‌ಗೆ 2.5 ಎಂಎಂ ಕೀ ಬೇಕು, ಅದೇ ಎಂ3 ಗುಂಡು ತಲೆದಕ್ಕೆ 2 ಎಂಎಂ. ಎರಡೂ ಬೆರೆಸಿದ್ರೆ ಯಾವಾಗ್ಲೂ ಕೈಗೆ ಸಿಗೋದು ಇನ್ನೊಂದು ಕೀ. ಇಡೀ ಡ್ರೋನ್ ಒಂದೇ ಕೀಲಿ ಬಿಚ್ಚೋಕೆ ಆಗ್ಬೇಕು ಅಂತ ರೂಲ್ ಮಾಡಿ. ಲೋಹಕ್ಕೆ ಲೋಹ ಸೇರೋ ಕಡೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ, ಕೆಂಪು ಬೇಡ, ಕೆಂಪು ಹಾಕಿದ್ರೆ ಬಿಸಿ ಮಾಡ್ದೆ ಬರಲ್ಲ. ಪ್ಲಾಸ್ಟಿಕ್ ಹತ್ರ ಅದನ್ನ ಹಾಕ್ಬೇಡಿ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತೆ.

ಮೋಟರ್‌ಗೂ ಇಎಸ್‌ಸಿಗೂ ಮಧ್ಯೆ 3.5 ಎಂಎಂ ಬುಲೆಟ್ ಕನೆಕ್ಟರ್ ಇರ್ಲಿ, ಬೆಸುಗೆ ಬೇಡ, ತಿರುಗೋ ದಿಕ್ಕು ಉಲ್ಟಾ ಆದ್ರೆ ಯಾವ್ದಾದ್ರೂ ಎರಡು ವೈರ್ ಅದಲುಬದಲು ಮಾಡಿದ್ರೆ ಆಯ್ತು. ಪ್ರಾಪ್ ಮಾತ್ರ ಅಗ್ಗದ ನೈಲಾನ್‌ದೇ ಹಾಕಿ, ಕಾರ್ಬನ್ ಪ್ರಾಪ್ ಮುರಿಯೋ ಬದ್ಲು ಶಾಫ್ಟ್ ಬಗ್ಗಿಸುತ್ತೆ, ಕೈಗೆ ತಾಗಿದ್ರೆ ಗಾಯನೂ ಆಳ.

ಕ್ವಾಡ್_ಹುಡುಗಿ:

ಎಲ್ಲಾ ಬರ್ಕೊಳ್ತಾ ಇದ್ದೀನಿ. ಮೇಷ್ಟ್ರೇ, ಪೈಪ್ ಆರ್ಮ್‌ನಲ್ಲೂ ಆ ಶಿಯರ್ ಬೋಲ್ಟ್ ಐಡಿಯಾ ತರೋಕೆ ಆಗುತ್ತಾ? ಪ್ರತಿ ಆರ್ಮ್‌ಗೆ ಎರಡು ಸ್ಕ್ರೂ, ಒಳಗಿನದು ಸ್ಟೀಲ್, ಹೊರಗಿನದು ನೈಲಾನ್ ಹಾಕಿದ್ರೆ ಬಿದ್ದಾಗ ನೈಲಾನ್ ತುಂಡಾಗಿ ಆರ್ಮ್ ಹಿಂದಕ್ಕೆ ಮಡಚ್ಕೊಳ್ಳುತ್ತೆ ಅಲ್ವಾ? ರಿಪೇರಿ ಅಂದ್ರೆ ಒಂದು ನೈಲಾನ್ ಸ್ಕ್ರೂ ಅಷ್ಟೇ.

ವರ್ಕ್‌ಶಾಪ್_ಮೇಷ್ಟ್ರು:

ಆಗುತ್ತಮ್ಮ, ಒಳ್ಳೆ ಯೋಚನೆ, ಆದ್ರೆ ಮೂರು ವಿಷಯ ನೋಡ್ಕೋಬೇಕು. ಹಾರುವಾಗ ಆರ್ಮ್ ಮೇಲೆ ಬರೋ ಭಾರ ಮೇಲ್ಮುಖ, ಅದನ್ನ ಮೇಲಿನ ಕೆಳಗಿನ ಪ್ಲೇಟ್ ಎರಡೂ ಸೇರಿ ಹೊರುತ್ವೆ, ನೈಲಾನ್ ಸ್ಕ್ರೂ ಅಲ್ಲ. ಅದು ತಡೀಬೇಕಾದ್ದು ಅಡ್ಡ ತಿರುಗೋದನ್ನ ಮಾತ್ರ. ಹಾಗಾಗಿ ಪ್ಲೇಟ್‌ಗಳು ಪೈಪನ್ನ ಗಟ್ಟಿಯಾಗಿ ಕಚ್ಚಿ ಹಿಡೀಬೇಕು, ಆರ್ಮ್ ಪಕ್ಕದಲ್ಲೇ ಒಂದು ಸ್ಟೀಲ್ ಸ್ಕ್ರೂ, ಸ್ಪೇಸರ್ ಕೊಟ್ಟು ಹಿಡಿಸಿ. ಸ್ಪೇಸರ್ ಪೈಪ್‌ಗಿಂತ ಕೂದಲೆಳೆಯಷ್ಟು ಗಿಡ್ಡ ಇರ್ಲಿ, ಇಲ್ಲಾಂದ್ರೆ ಬಿಗಿ ಬರೋದಿಲ್ಲ. ಆ ಸ್ಪೇಸರ್ ಆರ್ಮ್‌ನ ಮುಂದಿನ ಬದಿಗೆ ಇರ್ಬೇಕು, ಹಿಂದೆ ಇಟ್ರೆ ಆರ್ಮ್ ಮಡಚೋ ದಾರಿಗೇ ಅಡ್ಡ.

ಎರಡನೇದು ವೈರ್. ಆರ್ಮ್ ಮಡಚಿದಾಗ ಇಎಸ್‌ಸಿಯ ವೈರ್ ಎಳೆದು ಪವರ್ ಬೋರ್ಡ್‌ನ ಬೆಸುಗೆ ಕೀಳಬಾರದು. ಬುಡದಲ್ಲಿ ಒಂದು ಸುತ್ತು ಸಡಿಲ ಬಿಟ್ಟು ಟೈ ಹಾಕಿ. ಮೂರನೇದು, ನೈಲಾನ್ ಸ್ಕ್ರೂ ಬಿಗಿ ಮಾಡೋವಾಗ ಅರೆಬರೆ ತಿರುಚಿಹೋಗಿದ್ರೆ ಗೊತ್ತಾಗಲ್ಲ, ಗಾಳೀಲಿ ತುಂಡಾದ್ರೆ ಕಷ್ಟ. ಪ್ರತಿ ಹಾರಾಟದ ದಿನ ಬೆಳಗ್ಗೆ ನಾಲ್ಕೂ ಹೊಸದು ಹಾಕಿ, ಅದಕ್ಕಾಗೋ ಖರ್ಚು ಕೆಲವೇ ರೂಪಾಯಿ. ಹಾರಿಸೋ ಮುಂಚೆ ಪ್ರಾಪ್ ಇಲ್ದೆ ಆರ್ಮ್ ತುದಿ ಹಿಡಿದು ಸ್ಪ್ರಿಂಗ್ ತಕ್ಕಡಿಲಿ ಹಿಂದಕ್ಕೆ ಎಳೆದು ನೋಡಿ, ಎಷ್ಟು ಕೆಜಿಗೆ ಸ್ಕ್ರೂ ಹೋಗುತ್ತೆ ಅಂತ ಮೊದಲೇ ಬೆಂಚ್ ಮೇಲೆ ತಿಳ್ಕೊಂಡಿದ್ರೆ ಫೀಲ್ಡ್‌ನಲ್ಲಿ ಊಹೆ ಮಾಡೋದು ತಪ್ಪುತ್ತೆ. ಈ ಅಳತೆ ನಿಮ್ಮ ರಿಪೋರ್ಟ್‌ಗೂ ಒಳ್ಳೆ ಅಧ್ಯಾಯ ಆಗುತ್ತೆ.

ಲಾಗ್_ನೋಡಿ:

ಮೆಕ್ಯಾನಿಕಲ್ ಕಡೆ ಎಲ್ಲಾ ಚೆನ್ನಾಗಿ ಹೇಳಿದ್ದಾರೆ, ನಾನು ಸಾಫ್ಟ್‌ವೇರ್ ಕಡೆಯಿಂದ. ರಿಪೇರಿ ಮುಗೀತು ಅಂತ ಯಾವಾಗ ಹೇಳ್ಬಹುದು? ಸ್ಕ್ರೂ ಬಿಗಿ ಮಾಡಿದಾಗ ಅಲ್ಲ, ಲಾಗ್ (ಹಾರುವಾಗ ಕಂಟ್ರೋಲರ್ ಬರೆದಿಟ್ಟ ದಾಖಲೆ) ನೋಡಿದಾಗ. ಆರ್ಮ್ ಬದಲಾಯಿಸಿದ ಡ್ರೋನ್ ಹೊರಗಿಂದ ನೋಡೋಕೆ ಸರಿ ಇದ್ದು ಒಳಗೆ ನಡುಗ್ತಾ ಇರ್ಬಹುದು, ಆ ನಡುಕದಲ್ಲಿ ನಿಮ್ಮ ಲ್ಯಾಂಡಿಂಗ್ ಕೋಡ್ ಟೆಸ್ಟ್ ಮಾಡಿದ್ರೆ ತಪ್ಪು ಕೋಡಿಂದೋ ಆರ್ಮಿಂದೋ ಯಾರಿಗೂ ಗೊತ್ತಾಗಲ್ಲ, ಎರಡು ದಿನ ಕೋಡ್ ಹುಡುಕ್ತಾ ಕೂರ್ತೀರ.

ಪಿಕ್ಸ್‌ಹಾಕ್‌ಗೆ ಆರ್ಡುಪೈಲಟ್ ಸಾಫ್ಟ್‌ವೇರ್ ಹಾಕಿದ್ರೆ ಕ್ರಮ ಹೀಗಿರ್ಲಿ. ಮೊದಲು ಪ್ರಾಪ್ ತೆಗೆದು, ಲ್ಯಾಪ್‌ಟಾಪ್‌ನಲ್ಲಿ ಅದನ್ನ ಸೆಟ್ ಮಾಡೋ ಮಿಷನ್ ಪ್ಲಾನರ್‌ನ ಮೋಟರ್ ಟೆಸ್ಟ್. ಎಕ್ಸ್ ಆಕಾರದ ಕ್ವಾಡ್‌ನಲ್ಲಿ ಎ ಅಂದ್ರೆ ಮುಂದಿನ ಬಲ ಮೋಟರ್, ಅಲ್ಲಿಂದ ಗಡಿಯಾರದ ದಿಕ್ಕಲ್ಲಿ ಬಿ, ಸಿ, ಡಿ. ಮುಂದಿನ ಬಲ ಮತ್ತೆ ಹಿಂದಿನ ಎಡ ಗಡಿಯಾರದ ವಿರುದ್ಧ ತಿರುಗ್ಬೇಕು, ಉಳಿದೆರಡು ಗಡಿಯಾರದ ದಿಕ್ಕಲ್ಲಿ. ಆಮೇಲೆ ಪ್ರಾಪ್ ಹಾಕಿ ಎದೆ ಎತ್ತರದಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿಸಿ ಇಳಿಸಿ, ಲಾಗ್ ಡೌನ್‌ಲೋಡ್ ಮಾಡಿ.

ಅದ್ರಲ್ಲಿ ಮೊದಲು ವೈಬ್ರೇಷನ್. ಮೂರು ಅಕ್ಷದಲ್ಲೂ 30 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕಿಂತ ಕೆಳಗಿದ್ರೆ ಸಾಮಾನ್ಯವಾಗಿ ಪರವಾಗಿಲ್ಲ, 60 ದಾಟಿದ್ರೆ ಎತ್ತರ ಹಿಡಿಯೋದ್ರಲ್ಲಿ ತೊಂದ್ರೆ ಬಂದೇ ಬರುತ್ತೆ ಅಂತ ಇಟ್ಕೊಳ್ಳಿ. ಕ್ಲಿಪ್ಪಿಂಗ್ ಎಣಿಕೆ (ನಡುಕ ಸೆನ್ಸರ್‌ನ ಮಿತಿ ಮುಟ್ಟಿದ ಸಲಗಳು) ಏರ್ತಾ ಇರ್ಬಾರ್ದು. ಆಮೇಲೆ ನಾಲ್ಕು ಮೋಟರ್‌ಗೆ ಹೋಗ್ತಿರೋ ಔಟ್‌ಪುಟ್ ಒಟ್ಟಿಗೆ ಗ್ರಾಫ್ ಹಾಕಿ. ಒಂದೇ ಮೋಟರ್ ಹೆಚ್ಚು ದುಡೀತಾ ಇದ್ರೆ ಆ ಪ್ರಾಪ್ ಅಥವಾ ಬೇರಿಂಗ್ ನೋಡಿ. ಎದುರುಬದುರು ಮೂಲೆಯ ಒಂದು ಜೋಡಿ ಮೇಲೆ, ಇನ್ನೊಂದು ಜೋಡಿ ಕೆಳಗೆ ಇದ್ರೆ ಯಾವ್ದೋ ಆರ್ಮ್ ತಿರುಚಿದೆ ಅಂತ ಅರ್ಥ. ಮೋಟರ್ ಒಂದು ಕಡೆ ವಾಲಿದೆ, ಡ್ರೋನ್ ಸುತ್ತೋಕೆ ನೋಡ್ತಿದೆ, ಕಂಟ್ರೋಲರ್ ಅದನ್ನ ತಡೀತಾ ಇದೆ. ಪೈಪ್ ಆರ್ಮ್‌ನಲ್ಲಿ ಇದು ಜಾಸ್ತಿ ಆಗೋ ಸಾಧ್ಯತೆ, ಕಣ್ಣಿಗೆ ಕಾಣದ ಎರಡು ಮೂರು ಡಿಗ್ರಿನೂ ಗ್ರಾಫಲ್ಲಿ ಕಾಣುತ್ತೆ. ತೂಕ ಬದಲಾಗ್ದೇ ಹೋವರ್ ಥ್ರಾಟಲ್ (ಗಾಳೀಲಿ ಸುಮ್ನೆ ನಿಲ್ಲೋಕೆ ಬೇಕಾದ ಥ್ರಾಟಲ್) ಮೊದಲಿಗಿಂತ ಏರಿದ್ರೆ ಅದೂ ಒಂದು ಸುಳಿವು.

ಇದೆಲ್ಲಾ ಹೋಲಿಸ್ಬೇಕು ಅಂದ್ರೆ ಚೆನ್ನಾಗಿರೋ ದಿನದ್ದು ಒಂದು ಲಾಗ್ ಬೇಕಲ್ಲ. ಡ್ರೋನ್ ಹೊಸದಾಗಿದ್ದಾಗಲೇ ಹಾರಿಸಿ ಲಾಗ್ ಮತ್ತೆ ಪ್ಯಾರಾಮೀಟರ್ ಫೈಲ್ (ಎಲ್ಲಾ ಸೆಟ್ಟಿಂಗ್ ಇರೋದು) ಎರಡನ್ನೂ ತಾರೀಖು ಹಾಕಿ ಎತ್ತಿಡಿ. ಜೂನಿಯರ್ ಯಾರೋ ಏನೋ ಬದಲಾಯಿಸಿದ್ರು ಅಂದ್ರೆ ಆ ಫೈಲ್ ವಾಪಸ್ ಲೋಡ್ ಮಾಡಿದ್ರೆ ಮುಗೀತು.

ಇನ್ನೊಂದು, ಹಳೇ ಪಿಕ್ಸ್‌ಹಾಕ್‌ನಲ್ಲಿ ಬರೋ ಡಿಎಫ್13 ಕನೆಕ್ಟರ್‌ಗಳು ಪದೇ ಪದೇ ಬಿಚ್ಚಿ ಹಾಕೋಕೆ ಆಗಿ ಬರಲ್ಲ, ವೈರ್ ಹಿಡಿದು ಎಳೆದ್ರೆ ಪಿನ್ ಕಿತ್ತು ಬರುತ್ತೆ. ಫ್ಲೈಟ್ ಕಂಟ್ರೋಲರ್‌ನ ಎಲ್ಲಾ ವೈರ್ ಒಂದ್ಸಲ ಹಾಕಿ ಬಿಟ್ಬಿಡಿ, ಬಿಚ್ಚೋ ಜಾಗ ಅದರಿಂದ ಒಂದು ಗೇಣು ಆಚೆ, ಬೇರೆ ಗಟ್ಟಿ ಕನೆಕ್ಟರ್‌ನಲ್ಲಿ ಇರ್ಲಿ.

ತುಂಗಭದ್ರಾ_ಸ್ಪ್ರೇ:

ಗೇಣು ಆಚೆ ಅಂದ್ರಲ್ರಿ, ಅದು ಬಂಗಾರದಂಥ ಮಾತು. ನಾವೂ ಹಂಗ ಮಾಡ್ತೀವಿ. ಮತ್ತ ಪ್ರತಿ ಆರ್ಮಿಗೆ ಬಣ್ಣದ ಟೇಪ್ ಸುತ್ತಿರಿ, ವೈರಿಗೂ ಅದ ಬಣ್ಣ, ಬೋರ್ಡಿನ ತೂತಿಗೂ ಅದ ಬಣ್ಣ. ಬಿಸಲಾಗ ತಲಿ ಬಿಸಿ ಆಗಿರ್ತದ, ನಂಬರ್ ಓದಾಕ ಆಗಂಗಿಲ್ಲ, ಬಣ್ಣ ಕಾಣ್ತದ.

ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ದಾವಣಗೆರಿ ಕಡೆ ಕೆಂಪು ಮಣ್ಣೂ ಅದ, ಕರಿ ಮಣ್ಣೂ ಅದ. ಕೆಂಪು ಮಣ್ಣಿನ್ಯಾಗ ಕಬ್ಬಿಣದ ಸಣ್ಣ ಕಣ ಇರ್ತಾವ, ಮೋಟರ್ ಒಳಗಿನ ಮ್ಯಾಗ್ನೆಟ್ ಅವನ್ನ ಎಳ್ಕೊಂಡು ಹಿಡಿತದ. ಕೈಲೆ ತಿರುಗಿಸಿದ್ರ ಕರಕರ ಸಪ್ಪಳ ಬರ್ತದ. ಗಾಳಿ ಹೊಡದ್ರ ಹೋಗಂಗಿಲ್ಲ, ಮೋಟರಿನ ಗಂಟಿ (ಹೊರಗಿನ ತಿರುಗೋ ಟೊಪ್ಪಿಗಿ) ಬಿಚ್ಚಿ ಗಮ್ ಟೇಪ್ ಒತ್ತಿ ಒತ್ತಿ ತಗೀಬೇಕು. ಎಲ್ಲಕ್ಕೂ ಸುಲಭ ಅಂದ್ರ ಹಾರೋ ಜಾಗದಾಗ ಒಂದು ತಾಡಪಾಲ ಹಾಸಿ, ನಾಕೂ ಮೂಲಿಗೆ ಗೂಟ ಬಡೀರಿ, ಇಲ್ಲಾಂದ್ರ ಗಾಳಿಗೆ ಎದ್ದು ಪ್ರಾಪಿಗೆ ಸಿಗ್ತದ.

ಬ್ಯಾಟರಿ. ಬಿದ್ದ ಬ್ಯಾಟರಿ ಲಗೂನ ಚಾರ್ಜಿಗೆ ಹಾಕಬ್ಯಾಡ್ರಿ. ದೂರ ಬಯಲಾಗ ಅರ್ಧ ತಾಸು ಇಡ್ರಿ, ಉಬ್ಬಿಲ್ಲ, ಬಿಸಿ ಇಲ್ಲ, ಸೆಲ್ ವೋಲ್ಟೇಜ್ ಸರಿ ಸಮ ಅದ ಅಂತ ನೋಡ್ರಿ. ಉಬ್ಬಿದ್ದು ಅಂದ್ರ ಮುಗೀತು, ರೊಕ್ಕದ ಮುಖ ನೋಡಬ್ಯಾಡ್ರಿ. ಇಡೋ ಮುಂದ ಸೆಲ್ಲಿಗೆ 3.8 ವೋಲ್ಟ್, ಪೂರಾ ತುಂಬಿ 4.2ರಾಗ ವಾರಗಟ್ಟಲೆ ಇಟ್ರ ಹಾಳಾಗ್ತಾವ. ಬ್ಯಾಟರಿ ಡ್ರೋನಿನ ಹೊಟ್ಟಿ ಕೆಳಗ ಕಟ್ಟಬ್ಯಾಡ್ರಿ ತಂಗಿ, ಕಾಲು ಮುರಿದ ಕೂಡ್ಲೆ ಕಲ್ಲು ನೆಟ್ಟಗ ಅದಕ್ಕ ಚುಚ್ಚತದ. ಎರಡೂ ಪ್ಲೇಟಿನ ನಡುವ ಇಡ್ರಿ.

ಕ್ವಾಡ್_ಹುಡುಗಿ:

ಒಳಗೆ ಇಟ್ರೆ ಪ್ಲೇಟ್‌ಗಳ ನಡುವಿನ ಅಂತರ ಜಾಸ್ತಿ ಬೇಕಾಗುತ್ತೆ, ಮೇಲೆ ಇಟ್ರೆ ಪಿಕ್ಸ್‌ಹಾಕ್‌ಗೆ ಜಾಗ ಇರಲ್ಲ. ಕೆಳಗೆ ಇಟ್ಟು ಅದ್ರ ಕೆಳಗೆ ಇನ್ನೊಂದು ಹೈಲಂ ತುಂಡು ಕೊಡ್ಬಹುದಾ ನೋಡ್ತೀನಿ.

ಇನ್ನೊಂದು ಪ್ರಶ್ನೆ, ಪರ್ಮಿಷನ್ ವಿಷಯ. ಕಾಲೇಜಿನ ಕ್ರೀಡಾಂಗಣದಲ್ಲಿ ಹಾರಿಸೋಕೆ ರಿಜಿಸ್ಟ್ರೇಷನ್, ಲೈಸೆನ್ಸ್ ಬೇಕಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ವರ್ಕ್‌ಶಾಪ್_ಮೇಷ್ಟ್ರು:

2021ರ ಡ್ರೋನ್ ನಿಯಮಗಳಲ್ಲಿ ಸಂಶೋಧನೆ, ಅಭಿವೃದ್ಧಿಗೆ ಅಂತ ಹಾರಿಸೋ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ. ಟೈಪ್ ಸರ್ಟಿಫಿಕೇಟ್ (ಡ್ರೋನ್ ಮಾದರಿಗೆ ಕೊಡೋ ಪ್ರಮಾಣಪತ್ರ), ಗುರುತಿನ ಸಂಖ್ಯೆ, ಪೈಲಟ್ ಲೈಸೆನ್ಸ್ ಬೇಕಾಗಿಲ್ಲ, ಆದ್ರೆ ಜಾಗ ಗ್ರೀನ್ ಝೋನ್‌ನಲ್ಲಿ (ಹಾರಿಸೋಕೆ ಮುಂಚೆ ಅನುಮತಿ ಬೇಡದ ವಲಯ) ಇರ್ಬೇಕು, ಸಂಸ್ಥೆಯ ಆವರಣ ಅಥವಾ ಸಂಸ್ಥೆಯ ಹಿಡಿತದಲ್ಲಿರೋ ಬಯಲಾಗಿರ್ಬೇಕು. ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟ್‌ನ ಮ್ಯಾಪ್‌ನಲ್ಲಿ ನಿಮ್ಮ ಕ್ಯಾಂಪಸ್ ಮೇಲೆ ಒತ್ತಿ ನೋಡಿ, ಹಾರಿಸೋ ದಿನ ಬೆಳಗ್ಗೆನೂ ಒಂದ್ಸಲ ನೋಡಿ, ಮ್ಯಾಪ್ ಬದಲಾಗ್ತಿರುತ್ತೆ. ಗ್ರೀನ್ ಝೋನ್‌ನಲ್ಲೂ 400 ಅಡಿ ಮಿತಿ, ನಿಮಗೆ 10 ಮೀಟರ್ ಮೇಲೆ ಹೋಗೋ ಅಗತ್ಯನೇ ಇಲ್ಲ. ಪ್ರಿನ್ಸಿಪಾಲರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡು ಟೂಲ್‌ಬಾಕ್ಸ್‌ನಲ್ಲಿ ಒಂದು ಪ್ರತಿ ಇಟ್ಕೊಳ್ಳಿ.

ಮೊದಲ_ವರ್ಷ:

ಹಗ್ಗ ಕಟ್ಟಿ ಹಾರಿಸಿದ್ರೆ ಬೀಳೋದೇ ಇಲ್ವಲ್ಲ ಸರ್, ನಾಲ್ಕು ಮೂಲೆಗೂ ಕಟ್ಟಿದ್ರೆ?

ಲಾಗ್_ನೋಡಿ:

ಬೇಡ ತಮ್ಮ. ಬಿಗಿ ಹಗ್ಗ ಕಟ್ಟಿದ್ರೆ ಕಂಟ್ರೋಲರ್ ವಾಲಿಸೋಕೆ ನೋಡುತ್ತೆ, ಹಗ್ಗ ಬಿಡಲ್ಲ, ಪಿಐಡಿಯ ಐ ಭಾಗ (ತಪ್ಪನ್ನ ಕೂಡಿಸ್ತಾ ಹೋಗೋದು) ಒಳಗೊಳಗೇ ತುಂಬ್ಕೊಳ್ತಾ ಹೋಗುತ್ತೆ, ಹಗ್ಗ ಸ್ವಲ್ಪ ಸಡಿಲ ಆದ ಕ್ಷಣ ಮಗುಚುತ್ತೆ. ಕ್ರಿಕೆಟ್ ಪ್ರಾಕ್ಟೀಸ್ ನೆಟ್ ಒಳಗೆ ಹಾರಿಸಿ, ನೆಟ್ ಕೆಳಗಿನ ಅಂಚು ಎತ್ತಿ ಕಟ್ಟಿ ಪ್ರಾಪ್‌ಗೆ ಸಿಗದ ಹಾಗೆ. ನೋಡೋರೆಲ್ಲಾ ನೆಟ್‌ನ ಆಚೆ, ರಿಮೋಟ್ ಹಿಡಿದೋನೂ ಆಚೆ.

ಕ್ವಾಡ್_ಹುಡುಗಿ:

ಟೀಮ್ ಜೊತೆ ಕೂತು ಮಾತಾಡಿದ್ವಿ. ಎಫ್450 ಪ್ಲೇಟ್ ಜಾಗಕ್ಕೆ ನಮ್ಮದೇ ಗ್ಲಾಸ್ ಎಪಾಕ್ಸಿ ಪ್ಲೇಟ್, ಅದಕ್ಕೆ ನೈಲಾನ್ ಆರ್ಮೂ ಕೂರ್ಬೇಕು, ಪೈಪ್ ಆರ್ಮೂ ಕೂರ್ಬೇಕು, ತೂತುಗಳನ್ನ ಹಾಗೇ ಡ್ರಾ ಮಾಡ್ತಾ ಇದ್ದೀನಿ. ಆರ್ಮ್, ಮೋಟರ್, ಇಎಸ್‌ಸಿ ಸೆಟ್ ಆರು, ನಾಲ್ಕು ಡ್ರೋನ್ ಮೇಲೆ, ಎರಡು ಡಬ್ಬೀಲಿ. ಬೋಲ್ಟ್ ಎಲ್ಲಾ ಗುಂಡು ತಲೆ ಎಂ3 ಸ್ಟೇನ್‌ಲೆಸ್, ಕೀ ಒಂದೇ, ಅದನ್ನ ಡ್ರೋನ್ ಡಬ್ಬಿ ಮುಚ್ಚಳಕ್ಕೆ ದಾರದಲ್ಲಿ ಕಟ್ತೀವಿ. ರಿಪೇರಿ ಮಾಡಿದವರು ಲಾಗ್ ನೋಡಿ ಪುಸ್ತಕದಲ್ಲಿ ಸಹಿ ಹಾಕೋವರೆಗೂ ಕೋಡ್ ಟೀಮ್‌ನವರಿಗೆ ಡ್ರೋನ್ ಕೊಡಲ್ಲ ಅಂತ ರೂಲ್. ಡ್ರಾಯಿಂಗ್ ಮುಗಿದ ಮೇಲೆ ಇಲ್ಲೇ ಹಾಕ್ತೀನಿ, ಬೇರೆ ಕಾಲೇಜಿನವರೂ ಕೊಯ್ಸ್ಕೊಳ್ಳಿ.

ಒಂದು ಉಳಿದಿದೆ. ಬಿದ್ಮೇಲೆ ಮೋಟರ್ ಶಾಫ್ಟ್ ಬಾಗಿದೆಯಾ ಇಲ್ವಾ ಅಂತ ಗ್ರೌಂಡ್‌ನಲ್ಲೇ ನೋಡೋದು ಹೇಗೆ? ಡಯಲ್ ಗೇಜ್ ಹೊತ್ಕೊಂಡು ಹೋಗೋಕಾಗಲ್ಲ.

ಎಫ್‌ಪಿವಿ_ಬೆಂಗ್ಳೂರು:

ಪ್ರಾಪ್ ತೆಗೆದು ಮೋಟರ್ ಟೆಸ್ಟ್‌ನಲ್ಲಿ ನಿಧಾನಕ್ಕೆ ತಿರುಗ್ಸಿ, ಪಕ್ಕದಿಂದ ಆಕಾಶದ ಬೆಳಕಿಗೆ ಎದುರಾಗಿ ಶಾಫ್ಟ್ ತುದಿ ನೋಡಿ. ನೆಟ್ಟಗಿದ್ರೆ ಅಂಚು ಚೂಪಾಗಿ ಕಾಣುತ್ತೆ, ಬಾಗಿದ್ರೆ ಎರಡೆರಡು ಅಂಚು ಕಂಡ ಹಾಗೆ ಮಸುಕಾಗುತ್ತೆ. ಬೆರಳ ತುದಿ ಆರ್ಮ್ ಮೇಲಿಟ್ಟು ನಾಲ್ಕೂ ಮೋಟರ್ ಒಂದೊಂದಾಗಿ ಓಡಿಸಿ ಹೋಲಿಸಿ, ಒಂದರ ನಡುಕ ಬೇರೆ ಇದ್ರೆ ಆ ಸೆಟ್ ಬದಲಾಯಿಸಿ. ಶಾಫ್ಟ್ ಬಡಿದು ನೆಟ್ಟಗೆ ಮಾಡೋಕೆ ಹೋಗ್ಬೇಡಿ, 2212ಕ್ಕೆ ಬಿಡಿ ಶಾಫ್ಟ್, ಬೇರಿಂಗ್ ಎರಡೂ ಸಿಗುತ್ತೆ, ಸಂಜೆ ಲ್ಯಾಬ್‌ನಲ್ಲಿ ಬದಲಾಯಿಸ್ಬಹುದು.

ತುಂಗಭದ್ರಾ_ಸ್ಪ್ರೇ:

ಮತ್ತ ಪ್ರಾಪ್ ಇದ್ದಾಗ ಬೆರಳು ಇಡಬ್ಯಾಡ್ರಿ ಅಂತ ಜೂನಿಯರ್ ಹುಡುಗರಿಗೆ ಮೊದಲ ಹೇಳ್ರಿ. ಡ್ರಾಯಿಂಗ್ ಹಾಕಿದಾಗ ನನಗೂ ತಿಳಿಸ್ರಿ ತಂಗಿ, ನಮ್ಮ ಕಡೆ ಹೊಸಾ ಹುಡುಗರಿಗೆ ಹಾರ್ಸೋದು ಕಲಿಸಾಕ ಇಂಥಾದ ಒಂದು ಬೇಕಾಗ್ಯಾದ.